ಅಕ್ಕನ ಪಾಲು



ಧರ್ಮದ ಮಾತೆಂದೊಡನೆ ನಮ್ಮಲ್ಲಿ ಬಹುಮಂದಿ ಕಣ್ಣು ಮುಚ್ಚಿ ನೆಟ್ಟಗೆ ಕುಳಿತುಕೊಳ್ಳುತ್ತಾರೆ. ಷಟ್‌ಸ್ಥಲವೆಂದರೇನು, ಅಷ್ಟಾವರಣಗಳ ಲಕ್ಷಣವೇನು, ಪಂಚಾಚಾರಗಳ ಕ್ರಮವೇನು ಎಂದು ಕೇಳುವ ಆಸಕ್ತಿಯು ಬೇಕಾದುದೇ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹನ್ನೆರಡನೆಯ ಶತಮಾನದ ಶರಣರು ತಮ್ಮ ಅನುಭಾವವನ್ನು ಹೇಳಲು ಎತ್ತಿಕೊಂಡ ಸಾಮಗ್ರಿ ಯಾವುದೆಂಬುದನ್ನು ಒಮ್ಮೆ ವಿಚಾರಿಸಿ ನೋಡಬೇಕು. ಒಲೆ, ಒರಳು, ಮೊರ, ಮಗ್ಗ, ಬುಟ್ಟಿ, ಹೊಸ್ತಿಲು, ಹಿತ್ತಲು, ಇವೇ ಅವರಿಗೆ ಸಾಕಾದುವು. ದೂರದ ಉಪಮಾನಗಳನ್ನು ಹುಡುಕಿಕೊಂಡು ಅವರು ಹೋಗಲಿಲ್ಲ. ತತ್ತ್ವವನ್ನು ಕಾಣಲು ಮನೆಯನ್ನು ಬಿಡಬೇಕೆಂದು ಹೇಳಿದವರ ಮಾತನ್ನು ಒಪ್ಪದೆ, ಮನೆಯೊಳಗೇ ಅದನ್ನು ಕಂಡು ತೋರಿಸಿದವರು ಅವರು.

ಆದುದರಿಂದ ಇಂದಿನ ಪ್ರವಚನದಲ್ಲಿ ಒಂದು ಮನೆಯ ಎರಡು ಮಕ್ಕಳ ಸಂಗತಿಯನ್ನು ಹೇಳಬೇಕೆಂದಿದ್ದೇವೆ. ಧಾರವಾಡ ಸೀಮೆಯ ಕರಿನೆಲದ ಒಂದು ಹಳ್ಳಿ. ಊರಿನ ಹೆಸರು, ಮನೆತನದ ಹೆಸರು ಬೇಡ. ಗಂಡ, ಹೆಂಡತಿ, ಗಂಡನ ತಾಯಿ, ಎರಡು ಮಕ್ಕಳು. ನಾಲ್ಕೆಕರೆ ಹೊಲ, ಎರಡು ಎತ್ತು, ಒಂದು ಎಮ್ಮೆ. ದೊಡ್ಡವಳು ಮಗಳು, ಸರಕಾರಿ ಶಾಲೆಯ ಐದನೆಯ ತರಗತಿಯಲ್ಲಿ ಓದುತ್ತಾಳೆ. ಚಿಕ್ಕವನು ಮಗ, ಎರಡನೆಯ ತರಗತಿಯವನು. ಕಳೆದ ಕಾರ್ತಿಕದಲ್ಲಿ ಆ ಮನೆಗೆ ಪ್ರಸಾದಕ್ಕೆ ಹೋಗಿದ್ದಾಗ ಅಜ್ಜಿಯು ತಾನಾಗಿಯೇ ಈ ಸಂಗತಿಯನ್ನು ನಮಗೆ ಹೇಳಿದಳು. ಹೇಳುವಾಗ ಆ ತಾಯಿಯು ಎರಡು ಸಲ ಸೆರಗಿನಿಂದ ಕಣ್ಣೊರಸಿಕೊಂಡಳು. ಅದಕ್ಕೇ ಇದನ್ನು ಸಣ್ಣ ಸಂಗತಿಯೆಂದು ಕೈಬಿಡಲು ನಮಗೆ ಮನಸ್ಸಾಗಲಿಲ್ಲ.

ಮಕ್ಕಳಿರುವ ಮನೆಯ ಬೆಳಗು ಹೇಗಿರುತ್ತದೆಂಬುದು ನಿಮಗೆ ನಾವು ಹೇಳಬೇಕಾದುದಿಲ್ಲ. ಆ ಮನೆಯಲ್ಲಿ ಅಜ್ಜಿಯು ಮಿಂದು ವಿಭೂತಿ ಧರಿಸಿ ಇಷ್ಟಲಿಂಗಪೂಜೆಗೆ ಕುಳಿತ ಹೊತ್ತಿಗೇ ಪಡಸಾಲೆಯಲ್ಲಿ ಯುದ್ಧಾರಂಭ. ಇರುವುದೊಂದೇ ಬಾಚಣಿಗೆ, ಕನ್ನಡಿಯೂ ಒಂದೇ. ಅವಳ ಎರಡು ಜಡೆ ಮುಗಿಯುವವರೆಗೆ ಇವನಿಗೆ ತಾಳ್ಮೆಯಿಲ್ಲ. ತನ್ನ ಪೆನ್ಸಿಲಿನ ತುದಿಯನ್ನು ಇವನು ಕಚ್ಚಿಟ್ಟನೆಂದು ಅವಳ ದೂರು. ತನ್ನ ಚೀಲದ ಮೇಲೆ ಅವಳು ಕಾಲಿಟ್ಟಳೆಂದು ಇವನ ದೂರು. ಒಬ್ಬರು ಜಗ್ಗುವುದು, ಇನ್ನೊಬ್ಬರು ಚೀರುವುದು. ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತಿದ್ದ ತಂದೆಯು ಅಲ್ಲಿಂದಲೇ, 'ಏ ಹುಡುಗೀ, ನೀ ದೊಡ್ಡಾಕಿ ಅದಿ, ತಿಳಿಯೂದಿಲ್ಲೇನು?' ಎಂದು ಗದರಿಸುವನು. ಅಲ್ಲಿಗೆ ತೀರ್ಪಾಯಿತು. ಸಾಕ್ಷಿಯಿಲ್ಲ, ವಿಚಾರಣೆಯಿಲ್ಲ. ಬಾಚಣಿಗೆಯು ತಮ್ಮನ ಕೈಗೆ ಹೋಯಿತು.

'ನೀನು ದೊಡ್ಡವಳು' ಎಂಬೀ ಮಾತನ್ನು ಸ್ವಲ್ಪ ನಿಂತು ನೋಡಿರಿ. ಕೆಲಸಕ್ಕೆ ಕರೆಯುವಾಗ ಅವಳು ದೊಡ್ಡವಳು. ನೀರು ತುಂಬಲು, ಕಸ ಗುಡಿಸಲು, ಬುತ್ತಿ ಒಯ್ಯಲು ದೊಡ್ಡವಳು. ಜಗಳದಲ್ಲಿ ಸೋಲಲು ದೊಡ್ಡವಳು. ಅದೇ ಮಗು, 'ನಾನೂ ನಿಮ್ಮ ಕೂಡ ಸಂತೆಗೆ ಬರುತ್ತೇನೆ' ಎಂದರೆ, 'ನೀನಿನ್ನೂ ಸಣ್ಣವಳು, ಸುಮ್ಮನಿರು' ಎನ್ನುತ್ತೇವೆ. ಹತ್ತು ವರುಷದ ಮಗುವಿನ ವಯಸ್ಸು ದಿನಕ್ಕೆ ಹತ್ತು ಸಲ ಹೀಗೆ ನಮ್ಮ ಅನುಕೂಲದಂತೆ ಏರುತ್ತದೆ, ಇಳಿಯುತ್ತದೆ. ಬೇರೆಯವರನ್ನು ಕಂಡು ಅಸಹ್ಯಪಡಬಾರದು, ಮುನಿಯಬಾರದು, ತನ್ನನ್ನು ತಾನು ಹೊಗಳಿಕೊಳ್ಳಬಾರದು ಎಂದು ಬಸವಣ್ಣನವರು ಒಂದೇ ವಚನದಲ್ಲಿ ಕೂಡಿಸಿ ಹೇಳಿದ ಬುದ್ಧಿವಾದವನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಮಾಡಿಸತಕ್ಕದ್ದೇ. ಆದರೆ ವಿಚಾರಿಸದೆ ಮುನಿಯುವವರು ಆ ಮನೆಯಲ್ಲಿ ಮಕ್ಕಳಿಗಿಂತ ಹೆಚ್ಚಾಗಿ ಹಿರಿಯರೇ ಆಗಿರುವುದುಂಟು.

ಮಕ್ಕಳ ಮುನಿಸಿಗಾದರೂ ಆಯುಸ್ಸು ಬಹಳ ಕಡಿಮೆ. ಮನೆಯಲ್ಲಿ ಕೂದಲು ಹಿಡಿದು ಎಳೆದಾಡಿದ ಆ ಇಬ್ಬರೇ ಊರ ಮುಂದಿನ ಡಾಂಬರು ರಸ್ತೆಯನ್ನು ದಾಟುವಾಗ ಒಬ್ಬರ ಕೈಯನ್ನೊಬ್ಬರು ಹಿಡಿದಿರುತ್ತಾರೆ. ಹೊಲದ ಬದುವಿನ ಮೂರು ಮೊಳ ನೆಲಕ್ಕಾಗಿ ಇಪ್ಪತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನಾವು ಬಲ್ಲೆವು. ಜಾತ್ರೆಯಲ್ಲಿ ತೇರಿನ ಹಗ್ಗದ ಆ ಕಡೆಗೊಬ್ಬ, ಈ ಕಡೆಗೊಬ್ಬ. ಅವರೂ ಒಂದು ಕಾಲಕ್ಕೆ ಒಂದೇ ಬಾಚಣಿಗೆಯವರೇ ಆಗಿದ್ದರಷ್ಟೆ!

ಇನ್ನು ನಡೆದ ಸಂಗತಿ. ಶಾಲೆಯಲ್ಲಿ ಮಧ್ಯಾಹ್ನದ ಊಟ ಕೊಡುವ ಯೋಜನೆಗೆ ನಮ್ಮ ರಾಜ್ಯದಲ್ಲಿ 'ಅಕ್ಷರ ದಾಸೋಹ'ವೆಂದು ಹೆಸರು. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ, ಆಮೇಲೆ ನಾಡಿನಾದ್ಯಂತ ಹಬ್ಬಿತು. ಶರಣರ ಮಾತೊಂದು ಸರಕಾರದ ಕಡತದೊಳಗೆ ಸೇರಿ ನಿತ್ಯವೂ ಬಳಕೆಯಾಗುತ್ತಿರುವುದನ್ನು ಕಂಡು ಸಂತೋಷಪಡಬೇಕು. ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಅದರ ಮೇಲಿನ ತರಗತಿಗಳವರಿಗೆ 150 ಗ್ರಾಂ ಎಂದು ಅಳತೆಯಿದೆ. 2013ರಿಂದ ಹಾಲನ್ನೂ ಕೊಡುತ್ತಿದ್ದಾರೆ. ಮಕ್ಕಳಲ್ಲಿ ರಕ್ತಹೀನತೆಯೂ ಕೃಶತೆಯೂ ಹೆಚ್ಚಾಗಿರುವುದನ್ನು ಕಂಡು ಈಚೆಗೆ ಮೊಟ್ಟೆಯನ್ನೂ, ಅದನ್ನು ಉಣ್ಣದ ಮಕ್ಕಳಿಗೆ ಬಾಳೆಹಣ್ಣನ್ನೂ ಇಲ್ಲವೆ ಶೇಂಗಾ ಚಿಕ್ಕಿಯನ್ನೂ ಕೊಡತೊಡಗಿದರು. ಇವೆಲ್ಲಕ್ಕೂ ಆ ದಿನದ ಹಾಜರಿಯೇ ಆಧಾರ. ಬೆಳಿಗ್ಗೆ ಎಷ್ಟು ಮಕ್ಕಳು ಬಂದರೋ ಅಷ್ಟಕ್ಕೆ ಲೆಕ್ಕ.

ಒಂದು ದಿನ ಹಣ್ಣು ಹಂಚುವಾಗ ನಮ್ಮ ಈ ಹುಡುಗನು ತನ್ನ ತರಗತಿಯ ಸಾಲಿನಲ್ಲಿ ಕುಳಿತು ಒಂದು ಹಣ್ಣು ತೆಗೆದುಕೊಂಡನು. ಆಮೇಲೆ ಮೆಲ್ಲಗೆ ಎದ್ದು ಐದನೆಯ ತರಗತಿಯ ಸಾಲಿನ ಕೊನೆಗೆ ಹೋಗಿ ಕುಳಿತನು. ಅಡುಗೆಯ ತಾಯಿಯು ಗದ್ದಲದಲ್ಲಿ ಮುಖ ನೋಡದೆ ಅವನ ಕೈಯಲ್ಲಿ ಇನ್ನೊಂದನ್ನಿಟ್ಟು ಮುಂದೆ ನಡೆದಳು. ಮೊದಲಿನದನ್ನು ಅವನು ತಿಂದನು. ಎರಡನೆಯದನ್ನು ಪುಸ್ತಕಗಳ ನಡುವೆ ಚೀಲದಲ್ಲಿಟ್ಟನು. ಸಂಜೆಗೆ ಅದು ಕಪ್ಪಾಗಿ ಕನ್ನಡ ಪುಸ್ತಕದ ಅಂಚಿಗೆ ಅಂಟಿತ್ತು. ಅಕ್ಕನು ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಅದನ್ನು ಅವಳ ಮುಂದೆ ಹಿಡಿದು, 'ತಗೋ, ನಿನ್ನ ಪಾಲು' ಎಂದನು. ಅವಳು ಸಿಪ್ಪೆ ಸುಲಿದು, ಮುರಿದು, ಅರ್ಧವನ್ನು ತಿರುಗಿ ಅವನಿಗೇ ಕೊಟ್ಟಳು.

ಅಜ್ಜಿಯು ಕಂಡಳು. ಎಲ್ಲಿಯದೆಂದು ಕೇಳಿದಳು. ಹುಡುಗನು ಮುಚ್ಚುಮರೆಯಿಲ್ಲದೆ ನಡೆದುದನ್ನೆಲ್ಲ ಹೇಳಿದನು. ತಂದೆಗೆ ನಗೆ ಬಂದಿತು. 'ಅಕ್ಕನ ಮ್ಯಾಲೆ ಎಷ್ಟು ಜೀವ ನೋಡು' ಎಂದು ಮಗನ ಬೆನ್ನು ಚಪ್ಪರಿಸಿದನು. ತಾಯಿಯಾದರೋ ಬಾಯಾರಿಗೆ ತಿಳಿದರೆ ಏನು ಗತಿಯೆಂದು ಹೆದರಿದಳು. ಅಜ್ಜಿಯು ನಗಲಿಲ್ಲ, ಹೆದರಲಿಲ್ಲ. ಮೊಮ್ಮಗನನ್ನು ಹತ್ತಿರ ಕೂಡಿಸಿಕೊಂಡು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಹೇಳಿದಳು.

ಆ ಕಥೆಯನ್ನು ನೀವೂ ಕೇಳಿದವರೇ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ಆ ದಂಪತಿಗಳ ಜಂಗಮದಾಸೋಹ. ಒಂದು ದಿನ ಮಾರಯ್ಯನು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಗಂಟನ್ನು ಕೈಯಲ್ಲಿ ತೂಗಿ ನೋಡಿದಳು. ಇದು ನಮ್ಮ ನಿತ್ಯದ ಅಳತೆಯಲ್ಲ, ಹೆಚ್ಚಾದುದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿದಳು. ಬಡತನದ ಮನೆ, ಬಂದುದು ಒಂದು ಹಿಡಿ ಅಕ್ಕಿ, ಕದ್ದುದಲ್ಲ, ಬೇಡಿದುದಲ್ಲ. ಆದರೂ ಹಿಂದಕ್ಕೆ ಹೋಯಿತು. ಅಂಗಳದಲ್ಲಿ ಆ ದಿನ ಅಕ್ಕಿ ಹೆಚ್ಚಾಗಿ ಚೆಲ್ಲಿದುದು ಶರಣದಂಪತಿಗಳ ಮೇಲಣ ಪ್ರೀತಿಯಿಂದಲೆಂದೂ ಅವರನ್ನು ಪರೀಕ್ಷಿಸಲೆಂದೂ ಹೇಳುವವರಿದ್ದಾರೆ. ಪ್ರೀತಿಯಿಂದಲೇ ಎಂದು ಇಟ್ಟುಕೊಳ್ಳೋಣ. ಪ್ರೀತಿಯಿಂದ ಬಂದುದಾದರೂ ಅಳತೆ ಮೀರಿದುದು ಹೆಚ್ಚೇ ಎಂಬುದು ಲಕ್ಕಮ್ಮನ ನಿಲುವು.

ಕೂತು ಕೇಳುತ್ತಿರುವ ನಿಮ್ಮಲ್ಲಿ ಕೆಲವರಿಗೆ ಆ ಹುಡುಗನ ಮೇಲೆ ಕನಿಕರ ಹುಟ್ಟಿರಬಹುದು. ಏಳು ವರ್ಷದ ಕೂಸು, ತನ್ನ ಬಾಯಿಗಲ್ಲ, ಅಕ್ಕನಿಗೆಂದು ತಂದಿತು, ಸುಳ್ಳನ್ನೂ ಆಡಲಿಲ್ಲ. ಇದನ್ನೂ ಕಳವೆನ್ನುವಿರಾ ಎಂದು ಕೇಳಬಹುದು. ನಾವೂ ಕಳವೆನ್ನಲಾರೆವು. ಅಜ್ಜಿಯೂ ಅನ್ನಲಿಲ್ಲ. ಆಕೆಯು ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ. 'ನಾಳೆ ಅಂಗಡಿಯಿಂದ ಒಂದು ಹಣ್ಣು ತರಿಸಿ ಕೊಡುತೇನಿ, ಒಯ್ದು ಬಾಯಾರ ಕೈಯಾಗ ಕೊಟ್ಟು ಬಾ' ಎಂದಷ್ಟೇ ಹೇಳಿದಳು. ಒಂದು ಹಣ್ಣಿಗೆ ಇಷ್ಟು ಯಾಕೆ ಎಂದು ತಂದೆಯು ಗೊಣಗಿದನು. ಮಾರಯ್ಯನೂ ಒಂದು ಹಿಡಿ ಅಕ್ಕಿಗೆ ಇಷ್ಟು ಯಾಕೆಂದು ಗೊಣಗಿದ್ದನೋ ಏನೋ.

ಇಲ್ಲಿಗೆ ಮುಗಿದಿದ್ದರೆ ಇದು ಮಕ್ಕಳ ನೀತಿಕಥೆಯಾಗುತ್ತಿತ್ತು. ನಾವು ಇದನ್ನು ಇಷ್ಟು ಬೆಳೆಸುತ್ತಿರಲಿಲ್ಲ.

ಮರುದಿನ ಹುಡುಗನು ಹಣ್ಣನ್ನು ಒಯ್ದು ಬಾಯಾರ ಮುಂದೆ ನಿಂತನು. 'ನಿನ್ನೆ ಒಂದು ಹೆಚ್ಚಿಗಿ ತಗೊಂಡಿದ್ದೆರಿ. ಅಕ್ಕನ ಪಾಲು ಅಂತ ತಗೊಂಡಿದ್ದೆ' ಎಂದನು. ಹಿಂದಿನ ದಿನ ಕೊನೆಯ ಸಾಲಿನಲ್ಲಿ ಒಬ್ಬ ಮಗುವಿಗೆ ಹಣ್ಣು ಸಾಲದೆ ಹೋಗಿತ್ತು. ಅದು ಯಾಕೆಂದು ಬಾಯಾರಿಗೆ ಈಗ ತಿಳಿಯಿತು. ಆ ಮಗುವನ್ನು ಕರೆದು ಹಣ್ಣನ್ನು ಕೊಡಿಸಿದರು. ತನ್ನ ಕೈಯಲ್ಲಿ ಹೆಚ್ಚಾದುದು ಇನ್ನೊಬ್ಬನ ಕೈಯಲ್ಲಿ ಕಡಿಮೆಯಾಗಿತ್ತೆಂಬುದನ್ನು ಹುಡುಗನು ಕಣ್ಣಾರೆ ಕಂಡನು. ಲಕ್ಕಮ್ಮನ ಕಥೆಯಲ್ಲಿ ಅಜ್ಜಿಯು ಹೇಳಲಾರದೆ ಹೋದುದನ್ನು ಆ ಮಗುವಿನ ಬರಿಗೈ ಹೇಳಿತೆನ್ನಬೇಕು.

ಆಮೇಲೆ ಬಾಯಾರು, 'ಅಕ್ಕ ಎಲ್ಲಿ?' ಎಂದು ಕೇಳಿದರು.

'ಹತ್ತಿ ಬಿಡಸಾಕ ಹೋಗ್ಯಾಳ್ರಿ.'

ಬಾಯಾರು ಹಾಜರಿ ಪುಸ್ತಕವನ್ನು ತೆಗೆದು ನೋಡಿದರು. ಆ ದಿನವೂ ಸೇರಿ ಆರು ದಿನ ಅವಳ ಹೆಸರಿನ ಮುಂದೆ ಗೈರುಹಾಜರಿಯಿತ್ತು. 'ಹಣ್ಣು ತಿರುಗಿ ತಂದಿ, ಒಳ್ಳೇದಾತು. ನಿಮ್ಮಪ್ಪಗ ಕೇಳು, ಈ ಆರು ದಿನ ಯಾರು ತಿರುಗಿ ತರತಾರ ಅಂತ' ಎಂದರು. ಸಿಟ್ಟಿನಿಂದ ಹೇಳಿದರೋ, ನೋವಿನಿಂದ ಹೇಳಿದರೋ ನಮಗೆ ತಿಳಿಯದು. ಮಕ್ಕಳಿಗೆ ಅಂಥ ಭೇದವಿಲ್ಲ. ಕೇಳೆಂದುದನ್ನು ಕೇಳುವುದೇ ಅವರ ಕೆಲಸ. ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ ಹುಡುಗನು ರೊಟ್ಟಿ ಮುರಿಯುತ್ತ, 'ಅಪ್ಪಾ, ಬಾಯಾರು ಕೇಳ್ಯಾರ, ಆ ಆರು ದಿನ ಯಾರು ತಿರುಗಿ ತರತಾರ ಅಂತ' ಎಂದನು.

ಯಾರೂ ಮಾತಾಡಲಿಲ್ಲವಂತೆ. ಮೊದಲು ಕಣ್ಣಿಗೆ ನೀರು ತಂದುಕೊಂಡವಳು ಅಜ್ಜಿ. 'ಹಣ್ಣು ಎಣಿಸಿದ್ದೆ, ಬುದ್ಧಿ. ದಿನ ಎಣಿಸಲಿಲ್ಲ' ಎಂದು ಆಕೆಯು ನಮಗೆ ಹೇಳಿದಳು.

ತಂದೆಯ ಪಕ್ಷವನ್ನೂ ನಾವು ಕೇಳಬೇಕು. ಆತನು ದುಷ್ಟನಲ್ಲ, ಮಗಳ ಮೇಲೆ ಪ್ರೀತಿಯಿಲ್ಲದವನೂ ಅಲ್ಲ. ಹತ್ತಿಯ ಕಾಯಿ ಒಡೆದ ಮೇಲೆ ಕಾಯುವುದಿಲ್ಲ. ಇಬ್ಬನಿಗೆ ನೆನೆದರೆ, ಅಕಾಲದ ಮಳೆ ಹನಿದರೆ ಅರಳೆ ಕೆಂಪಾಗುತ್ತದೆ, ಧಾರಣೆ ಬೀಳುತ್ತದೆ. ಆಳುಗಳು ಸಿಕ್ಕುವುದಿಲ್ಲ, ಸಿಕ್ಕರೆ ಕೂಲಿ ಕೊಟ್ಟು ಪೂರೈಸುವುದಿಲ್ಲ. ಬೀಜದ ಸಾಲ, ಗೊಬ್ಬರದ ಸಾಲ ತಲೆಯ ಮೇಲಿದೆ. ಮಗಳ ಕೈ ಚಿಕ್ಕದು, ಕಾಯಿಯೊಳಗಿನ ಎಳೆ ಮುರಿಯದಂತೆ ಬಿಡಿಸುತ್ತಾಳೆ. ಎಂಟು ಹತ್ತು ದಿನವಷ್ಟೆ, ಆಮೇಲೆ ಓದಿಯಾಳು ಎಂದು ಆತನ ಎಣಿಕೆ. ಹೀಗೆ ಎಣಿಸಿದ ತಂದೆತಾಯಿಗಳು ಈ ಸಭೆಯಲ್ಲಿಯೂ ಇದ್ದಾರೆ. ಕೈಯೆತ್ತಿರೆಂದು ನಾವು ಹೇಳುವುದಿಲ್ಲ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವು ಹಕ್ಕೆಂದು 2009ರಲ್ಲಿ ಕಾನೂನಾಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಮನೆತನದ ಕೆಲಸದಲ್ಲಿ ಮಗುವು ನೆರವಾಗುವುದಾದರೆ ಶಾಲೆಯ ವೇಳೆಯ ಹೊರಗೆ, ಇಲ್ಲವೆ ರಜೆಯಲ್ಲಿ ಎಂದು 2016ರ ತಿದ್ದುಪಡಿಯು ಹೇಳುತ್ತದೆ. ಆದರೆ ಕಾನೂನಿಗೆ ಅಂಜಿ ಮಗಳನ್ನು ಶಾಲೆಗೆ ಕಳುಹಿಸಿರೆಂದು ಹೇಳಲು ಈ ಪೀಠದ ಮೇಲೆ ನಾವು ಕುಳಿತಿಲ್ಲ. ಅದನ್ನು ಹೇಳುವವರು ಬೇರೆ ಇದ್ದಾರೆ.

ನಾವು ಕೇಳುವುದು ಲಕ್ಕಮ್ಮನ ಪ್ರಶ್ನೆಯನ್ನು. ಆ ಮನೆಯೊಳಗೆ ಅಂದು ಹೆಚ್ಚಾಗಿ ಬಂದುದು ಯಾವುದು? ಹುಡುಗನು ತಂದ ಹಣ್ಣು ಹೆಚ್ಚೆಂದು ತಿರುಗಿ ಹೋಯಿತು. ಮಗಳು ಬಿಡಿಸಿ ತಂದ ಹತ್ತಿಯ ಗಂಟು ಆರು ದಿನವೂ ಮನೆಯೊಳಗೆ ಇಳಿಯಿತು. ಅದು ನಿತ್ಯದ ಅಳತೆಗೆ ಮೀರಿದುದೆಂದು ತೂಗಿ ನೋಡಿದವರು ಯಾರೂ ಇರಲಿಲ್ಲ. ತಾನು ದುಡಿದು ಹಂಚುವುದು ಕಾಯಕ. ಇನ್ನೊಬ್ಬರ ಪಾಲಿನ ಹೊತ್ತನ್ನು ತೆಗೆದುಕೊಂಡು ದುಡಿಮೆಯ ರಾಶಿಯನ್ನು ಬೆಳೆಸಿದರೆ ಅದಕ್ಕೆ ಕಾಯಕವೆಂದು ಹೆಸರಿಡಬಹುದೆ? ಹತ್ತು ವರ್ಷದ ಮಗುವಿನ ಕಾಯಕವು ಪಾಟಿಯ ಮೇಲಿದೆ, ಪುಸ್ತಕದಲ್ಲಿದೆ. ಅದು ಮುಗಿದ ಮೇಲೆ ಅವ್ವನಿಗೆ ನೆರವಾಗಲಿ, ಹೊಲವನ್ನೂ ಕಾಣಲಿ. ಮಣ್ಣನ್ನು ಮುಟ್ಟದೆ ಬೆಳೆಯಲೆಂದು ನಾವು ಹೇಳುವವರಲ್ಲ. ಮೂವತ್ತಕ್ಕೂ ಹೆಚ್ಚು ಶಿವಶರಣೆಯರ ವಚನಗಳು ನಮಗೆ ದೊರೆತಿವೆ. ಅಕ್ಕಿ ಆಯುವವಳು, ನೂಲುವವಳು, ಕುಟ್ಟುವವಳು, ಎಲ್ಲರೂ ಅವರಲ್ಲಿದ್ದಾರೆ. ಕೈಯಲ್ಲಿ ಕೆಲಸವಿತ್ತೆಂದು ಅವರ ಮಾತು ನಿಲ್ಲಲಿಲ್ಲ. ಅವರಿಗೆ ಮಾತಿನ ಪಾಲನ್ನು ಕೊಟ್ಟ ಕಲ್ಯಾಣವಿತ್ತು. ನಮ್ಮ ಮನೆಯ ಹುಡುಗಿಗೆ ಆ ಪಾಲನ್ನು ಕೊಡುವ ಕಲ್ಯಾಣವು ಈಗ ಊರ ಮುಂದಿನ ಆ ಹಂಚಿನ ಶಾಲೆಯೇ.

ಮರುದಿನ ಬೆಳಿಗ್ಗೆ ಹುಡುಗನು ಚೀಲ ಹಾಕಿಕೊಂಡು ಹೊಸ್ತಿಲಿನಲ್ಲಿ ನಿಂತವನು ಹೊರಗೆ ಹೆಜ್ಜೆಯಿಡಲಿಲ್ಲ. ಹೊತ್ತಾಯಿತು ನಡೆ ಎಂದರೆ, ಅಕ್ಕ ಬರಲಿ ಎಂದನಂತೆ. ಹಟದಿಂದಲ್ಲ, ರಸ್ತೆ ದಾಟುವಾಗ ಕೈ ಹಿಡಿಯುವವರು ಬೇಕಲ್ಲ!

ಇದನ್ನು ಕೇಳಿದಾಗ ನಮಗೆ ಬಾಗೇವಾಡಿಯ ಇನ್ನೊಂದು ಹೊಸ್ತಿಲು ನೆನಪಾಯಿತು. ಬಾಲಕ ಬಸವಣ್ಣನಿಗೆ ಉಪನಯನ ಮಾಡಲು ಹಿರಿಯರು ಸಿದ್ಧರಾದಾಗ, ಅಕ್ಕ ನಾಗಮ್ಮನಿಗೆ ಇಲ್ಲದ ಈ ಸಂಸ್ಕಾರವು ನನಗೆ ಮಾತ್ರ ಯಾಕೆಂದು ಕೇಳಿದನೆಂದು ಜನರು ಹೇಳುತ್ತ ಬಂದಿದ್ದಾರೆ. ಈ ಕಥೆಯನ್ನು ಹೇಳುವವರು ಹಲವು ಬಗೆಯಾಗಿ ಹೇಳುತ್ತಾರೆ. ಹರಿಹರನ ರಗಳೆಯಲ್ಲಿ ಬಸವಣ್ಣನು ಜನಿವಾರವನ್ನು ತೊರೆದು ಕೂಡಲಸಂಗಮಕ್ಕೆ ನಡೆದ ಪ್ರಸಂಗವಿದೆ. ವಿದ್ವಾಂಸರು ಪಾಠಭೇದಗಳನ್ನು ನೋಡಿಕೊಳ್ಳಲಿ. ನಮ್ಮ ತಾಯಂದಿರು ತೊಟ್ಟಿಲ ಬಳಿ ಹೇಳಿಕೊಂಡು ಬಂದ ಕಥೆಯಲ್ಲಿ ಮಾತ್ರ ಆ ಪ್ರಶ್ನೆಯು ಗಟ್ಟಿಯಾಗಿ ನಿಂತಿದೆ. ಪ್ರಶ್ನೆಯು ಶಾಸ್ತ್ರದಿಂದ ಹುಟ್ಟಿದುದಲ್ಲ. ಒಂದೇ ಮನೆಯಲ್ಲಿ, ಒಂದೇ ಗಂಗಾಳದಲ್ಲಿ ಉಂಡು ಬೆಳೆದವರಲ್ಲಿ ಒಬ್ಬರಿಗೆ ಉಂಟು, ಒಬ್ಬರಿಗೆ ಇಲ್ಲವೆಂಬುದನ್ನು ಕಂಡು ಹುಟ್ಟಿದುದು. ಆ ಅಕ್ಕ ನಾಗಮ್ಮನ ಮಗನೇ ಚೆನ್ನಬಸವಣ್ಣನು. ಕಲ್ಯಾಣವು ಕೆಟ್ಟ ಮೇಲೆ ಶರಣರನ್ನು ಉಳವಿಯ ಕಡೆಗೆ ನಡೆಸಿಕೊಂಡು ಹೋದವರಲ್ಲಿ ಆ ತಾಯಿಮಕ್ಕಳ ಹೆಸರು ಮುಂದೆ ಇದೆ.

ಒಡಹುಟ್ಟಿದವರ ನಂಟನ್ನು ಶರಣರು ಎಷ್ಟು ಎತ್ತರಕ್ಕೆ ಕೊಂಡೊಯ್ದರೆಂಬುದಕ್ಕೆ ಮುಕ್ತಾಯಕ್ಕನೊಬ್ಬಳೇ ಸಾಕು. ಸೋದರನಾದ ಅಜಗಣ್ಣನೇ ಆಕೆಗೆ ಗುರು. ಅವನು ಲಿಂಗೈಕ್ಯನಾದಾಗ ಆಕೆಯು ಪಟ್ಟ ಶೋಕವೂ, ಅಲ್ಲಮಪ್ರಭುಗಳೊಡನೆ ಆಕೆಗಾದ ಸಂವಾದವೂ ಶೂನ್ಯಸಂಪಾದನೆಯಲ್ಲಿ ಒಂದು ದೊಡ್ಡ ಪ್ರಕರಣವಾಗಿ ನಿಂತಿವೆ. ಪ್ರಭುಗಳ ಮಾತಿಗೆ ತಟ್ಟನೆ ತಲೆಬಾಗದೆ ಮಾತಿಗೆ ಮಾತು ಕೊಟ್ಟ ಹೆಣ್ಣುಮಗಳು ಆಕೆ. ತನ್ನ ವಚನಗಳಿಗೆ ಅಂಕಿತವಾಗಿ ಆಕೆಯು ಇಟ್ಟುಕೊಂಡುದು ಆ ಅಜಗಣ್ಣನ ಹೆಸರನ್ನೇ.

ಆ ಮನೆಯ ಸಂಗತಿಯನ್ನು ಪೂರ್ತಿ ಹೇಳಿಬಿಡುತ್ತೇವೆ. ತಂದೆಯು ಹೊಸ್ತಿಲಿನಲ್ಲಿ ನಿಂತ ಮಗನನ್ನು ನೋಡಿದನು, ಬುಟ್ಟಿ ಹಿಡಿದು ಹೊಲಕ್ಕೆ ಹೊರಟ ಮಗಳನ್ನು ನೋಡಿದನು. ಏನೂ ಹೇಳದೆ ಬುಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡನು. ಅಜ್ಜಿಯು ಅರವತ್ತೆಂಟರ ವಯಸ್ಸಿನಲ್ಲಿ ಸೀರೆ ಕಟ್ಟಿ ಹತ್ತಿ ಬಿಡಿಸಲು ತಾನೇ ನಡೆದಳು. ಸೊಂಟ ಹಿಡಿದು ಮೂರು ದಿನ ಮಲಗಿದಳು. ಮೇಲಿನ ಮಡಿಯ ನಾಲ್ಕು ಸಾಲು ಹತ್ತಿಯು ಇಬ್ಬನಿಗೆ ಸಿಕ್ಕಿ ಬಣ್ಣಗೆಟ್ಟಿತು, ಅದಕ್ಕೆ ಧಾರಣೆ ಕಡಿಮೆಯಾಯಿತು. ನಷ್ಟವಾಗಲಿಲ್ಲವೆಂದು ನಾವು ನಿಮಗೆ ಹೇಳಲಾರೆವು. ಆರು ದಿನಗಳಲ್ಲಿ ತರಗತಿಯು ಭಿನ್ನರಾಶಿಗಳನ್ನು ಮುಗಿಸಿ ಮುಂದೆ ಹೋಗಿತ್ತು. ಬಾಯಾರು ಮಧ್ಯಾಹ್ನ ಊಟದ ಮೇಲೆ ಅವಳನ್ನು ಕೂಡಿಸಿಕೊಂಡು ಹೇಳಿಕೊಟ್ಟರು. ರಾತ್ರಿ ಅವಳು ರೊಟ್ಟಿಯನ್ನು ಅರ್ಧ, ಕಾಲು, ಅರೆಗಾಲು ಎಂದು ಮುರಿದು ಗಂಗಾಳದ ಅಂಚಿಗೆ ಇಡುವುದು, ತಮ್ಮನು ಅರೆಗಾಲನ್ನು ಎತ್ತಿ ಬಾಯಿಗೆ ಹಾಕಿಕೊಂಡು ಲೆಕ್ಕ ಕೆಡಿಸುವುದು, ಮತ್ತೆ ಗದ್ದಲ!

ನಾವು ಪ್ರಸಾದ ಮುಗಿಸಿ ಎದ್ದ ಬೆಳಿಗ್ಗೆಯೂ ಪಡಸಾಲೆಯಲ್ಲಿ ಬಾಚಣಿಗೆಗಾಗಿ ಜಗಳ ನಡೆದಿತ್ತು. ಕೊಟ್ಟಿಗೆಯಿಂದ ತಂದೆಯು ಕೈ ತೊಳೆದುಕೊಂಡು ಒಳಗೆ ಬಂದನು. ಇಬ್ಬರ ನಡುವೆ ಕುಳಿತು, 'ಮೊದಲ ಯಾರ ಕೈಯಾಗಿತ್ತು? ಹೇಳ್ರಿ' ಎಂದು ಕೇಳಿದನು.